ತುಮಕೂರಿನಲ್ಲಿದ್ದುಕೊಂಡೇ ಕಾಮಿಡಿಯನ್ ಆಗೋದು ಹೇಗೆ: ಒಂದು ಜೋಕು, ನಾಲ್ಕು ಸ್ಟೇಜು

ನಗಿಸುವ ಕೆಲಸಕ್ಕೆ ಬರಬೇಕು ಅಂತಿದ್ದರೆ ಮೊದಲು ಬೆಂಗಳೂರಿನಲ್ಲಿ ರೂಮ್ ಹುಡುಕುವುದನ್ನು ಬಿಡಿ. ತುಮಕೂರಿನಲ್ಲೇ ಇರಿ. ಇಲ್ಲಿ ಸ್ಟೇಜ್‌ಗೆ ಬರವಿಲ್ಲ. ಗಣೇಶನ ಪೆಂಡಾಲ್, ರಾಜ್ಯೋತ್ಸವ, ಕಾಲೇಜ್ ಡೇ, ಜಾತ್ರೆ, ನಗೆಹಬ್ಬ, ಸಂಘದ ವಾರ್ಷಿಕೋತ್ಸವ, ಒಂದಲ್ಲ ಒಂದು ಇದ್ದೇ ಇರುತ್ತದೆ. ಬೆಂಗಳೂರಿನ ಹುಡುಗರು ಓಪನ್ ಮೈಕ್‌ಗೆ, ಅಂದರೆ ಹೊಸಬರು ಯಾರು ಬೇಕಾದರೂ ಐದು ನಿಮಿಷ ಹತ್ತಬಹುದಾದ ಸ್ಟೇಜ್‌ಗೆ, ಹೆಸರು ಕೊಟ್ಟು ಕಾಯುತ್ತಾರೆ. ನಮ್ಮಲ್ಲಿ ಮೈಕನ್ನು ಕೈಗೆ ತುರುಕಿ "ಸಾಹೇಬ್ರು ಬರೋವರ್ಗೂ ಏನಾದ್ರೂ ಹೇಳ್ತಿರಪ್ಪ" ಅನ್ನುತ್ತಾರೆ. ಸಾಹೇಬರು ಐದು ನಿಮಿಷಕ್ಕೂ ಬರಬಹುದು, ಒಂದು ಗಂಟೆ ಬಿಟ್ಟೂ ಬರಬಹುದು.

ನಾನು ಗುಬ್ಬಿ ಕಡೆಯವನು. ಆರ್ಕೆಸ್ಟ್ರಾ ನಿರೂಪಣೆಯಿಂದ ಈ ಕೆಲಸಕ್ಕೆ ಬಂದೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಕೀಬೋರ್ಡ್‌ನವನು ಟೋನ್ ಹುಡುಕುತ್ತಿರುತ್ತಾನೆ. ಅಷ್ಟು ಹೊತ್ತು ಜನ ಕುರ್ಚಿ ಬಿಟ್ಟು ಏಳದ ಹಾಗೆ ನೋಡಿಕೊಳ್ಳಬೇಕು. ನಮ್ಮ ಕಡೆ ಇದು ಹಳೇ ಕಸುಬು. ಗುಬ್ಬಿ ನಾಟಕ ಕಂಪನಿ ಶುರುವಾಗಿದ್ದು 1884ರಲ್ಲಿ. ಕಂಪನಿ ನಾಟಕಗಳಲ್ಲಿ ಹಿಂದೆ ಅರಮನೆ ಸೀನ್ ಕಟ್ಟುವಷ್ಟು ಹೊತ್ತು ಮುಂದಿನ ಪರದೆ ಎದುರು ಹಾಸ್ಯಗಾರ ನಿಲ್ಲುತ್ತಿದ್ದ. ಗುಬ್ಬಿ ವೀರಣ್ಣನವರು ಜನಕ್ಕೆ ಹತ್ತಿರವಾಗಿದ್ದೇ ಹಾಸ್ಯ ಪಾತ್ರಗಳಿಂದ. ತಿಪಟೂರಿನ ನರಸಿಂಹರಾಜು 1954ರಲ್ಲಿ ಸಿನಿಮಾಕ್ಕೆ ಬರುವ ಹೊತ್ತಿಗೆ ನಾಟಕ ಕಂಪನಿಗಳಲ್ಲಿ ಚೆನ್ನಾಗಿ ಪಳಗಿದ್ದರು. ಜಿಲ್ಲೆಯಲ್ಲಿ ಇಷ್ಟು ದೊಡ್ಡ ಬೇರು ಇಟ್ಟುಕೊಂಡು ನಾವು ಮೊಬೈಲ್‌ನಲ್ಲಿ ಮುಂಬೈ ಹುಡುಗರ ಕ್ಲಿಪ್ ನೋಡಿ ಕೈ ಆಡಿಸುವುದನ್ನು ಕಲಿಯುತ್ತಿದ್ದೇವೆ. ಇರಲಿ.

ಮೊದಲು ಒಂದೇ ಒಂದು ಜೋಕ್ ಬರೆಯಿರಿ

ಹೊಸಬರು ಬಂದು "ಅಣ್ಣ, ಒಂದು ಗಂಟೆ ಐಟಂ ರೆಡಿ ಇದೆ" ಅನ್ನುತ್ತಾರೆ. ಕೇಳಿದರೆ ಮುಕ್ಕಾಲು ಭಾಗ ವಾಟ್ಸಾಪ್‌ನದು. ಮುಂದಿನ ಸಾಲಿನ ಅಜ್ಜಿ ಅದನ್ನು ನಿಮಗಿಂತ ಮುಂಚೆ ಫಾರ್ವರ್ಡ್ ಮಾಡಿರುತ್ತಾಳೆ. ಉಳಿದ ಕಾಲು ಭಾಗ ರಾಜ್‌ಕುಮಾರ್, ವಿಷ್ಣುವರ್ಧನ್ ಮಿಮಿಕ್ರಿ. ಮಿಮಿಕ್ರಿ ತಪ್ಪಲ್ಲ. ಆದರೆ ಅದನ್ನು ನಿಮಗಿಂತ ಚೆನ್ನಾಗಿ ಮಾಡುವವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ನಿಮ್ಮ ಬೀದಿಯ ಸೊಸೈಟಿ ಅಂಗಡಿಯವನು, ನಿಮ್ಮ ಚಿಕ್ಕಪ್ಪ, ಬಸ್ ಸ್ಟ್ಯಾಂಡಿನ ಪಾರ್ಕಿಂಗ್ ಹುಡುಗ, ಇವರನ್ನು ಮಾತ್ರ ಬೇರೆ ಯಾರೂ ಮಾಡಲಾರರು.

ನನ್ನದೇ ಒಂದು ಜೋಕ್ ಬಿಚ್ಚಿ ತೋರಿಸುತ್ತೇನೆ. ಮೊದಲು ಬರೆದಿದ್ದು ಹೀಗಿತ್ತು:

"ತುಮಕೂರು ಬೆಂಗಳೂರಿಗೆ ಹತ್ತಿರಾನೋ ದೂರಾನೋ ಅನ್ನೋದು ಯಾರನ್ನ ಕೇಳ್ತೀರ ಅನ್ನೋದರ ಮೇಲಿದೆ. ಸೈಟ್ ಮಾರೋನು ಬರೀ ಒಂದು ಗಂಟೆ ಅಂತಾನೆ. ಅದೇ ಹೆಣ್ಣು ಕೇಳೋಕೆ ಹೋದ್ರೆ ಹುಡುಗಿ ಅಪ್ಪ, ಅಯ್ಯೋ ಎಪ್ಪತ್ತು ಕಿಲೋಮೀಟರ್ ಆಗುತ್ತಲ್ಲಪ್ಪ ಅಂತಾನೆ."

ಮಾತು ನಿಜ. ನಗು ಬರಲಿಲ್ಲ. ಯಾಕೆ? ಮೊದಲ ಸಾಲಿನಲ್ಲೇ ಗುಟ್ಟು ಹೊರಬಿದ್ದಿದೆ. ಆಮೇಲೆ ಇಬ್ಬರು ಬೇರೆ ಬೇರೆ ಮನುಷ್ಯರು ಇದ್ದಾರೆ. ಇಬ್ಬರು ಎರಡು ಮಾತು ಹೇಳಿದರೆ ಅದರಲ್ಲಿ ತಮಾಷೆ ಏನಿದೆ? ಈಗ ಹೇಳುವುದು ಹೀಗೆ:

"ಸೈಟ್ ಕೇಳಿದೆ. 'ಬೆಂಗಳೂರಿಗೆ ಒಂದೇ ಗಂಟೆ ಸಾರ್' ಅಂದ. ಅವನ ಮಗಳನ್ನ ಕೇಳಿದೆ. 'ಎಪ್ಪತ್ತು ಕಿಲೋಮೀಟರ್ ಆಗುತ್ತಲ್ಲಪ್ಪ' ಅಂದ."

ಇಬ್ಬರನ್ನು ಒಬ್ಬನನ್ನಾಗಿ ಮಾಡಿದೆ, ಅಷ್ಟೇ. ಒಂದೇ ಬಾಯಿ, ಎರಡು ಮಾತು. ಇನ್ನೂ ಒಂದು ಗಮನಿಸಿ: 'ಸಾರ್' ಹೋಗಿ 'ಅಪ್ಪ' ಬಂದಿದೆ. ಗಿರಾಕಿಗೆ ಇದ್ದ ಮರ್ಯಾದೆ ಅಳಿಯ ಆಗೋನಿಗೆ ಇಲ್ಲ. ನಗು ಅರ್ಧ ಬರುವುದು ಅಲ್ಲಿಂದಲೇ. ಹೀಗೆ ಒಂದು ಜೋಕನ್ನು ಕುಟ್ಟಿ ಕುಟ್ಟಿ ಸಣ್ಣ ಮಾಡುವುದು ಗೊತ್ತಾದರೆ ಎರಡನೆಯದು ತಾನಾಗೇ ಬೇಗ ಆಗುತ್ತದೆ. ಪ್ರತಿ ಸಲ ಹೇಳುವಾಗಲೂ ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಜೇಬಿನಲ್ಲಿಟ್ಟುಕೊಂಡರೂ ಸಾಕು. ಮನೆಗೆ ಬಂದು ಕೇಳಿ. ನಗು ಎಲ್ಲಿ ಬಂತು, ಎಲ್ಲಿ ಬರಲಿಲ್ಲ ಅಂತ ನೋಟ್‌ಬುಕ್‌ನಲ್ಲಿ ಗೀಟು ಹಾಕಿ. ನಮ್ಮ ದನಿ ನಮಗೇ ಅಸಹ್ಯವಾಗಿ ಕೇಳಿಸುತ್ತದೆ. ಸಹಿಸಿಕೊಳ್ಳಿ.

ಇದೇ ಜೋಕು ಮೈದಾನದಲ್ಲಿ, ಬೆಂಗಳೂರಿನ ಕಾಮಿಡಿ ಕ್ಲಬ್‌ನಲ್ಲಿ, ಟಿವಿಯಲ್ಲಿ, ರೇಡಿಯೋದಲ್ಲಿ ಒಂದೊಂದು ಕಡೆ ಒಂದೊಂದು ಥರ ಹೇಳಬೇಕು. ನನಗೆ ಗೊತ್ತಿರುವ ಕಸುಬೆಲ್ಲ ಇಷ್ಟೇ.

ಮೈದಾನ

ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಂಥ ನಾಲ್ಕು ಗೋಡೆಯ ಜಾಗ ಸಿಕ್ಕರೆ ನಿಮ್ಮ ಪುಣ್ಯ. ಗೋಡೆಗೆ ಬಡಿದ ನಗು ವಾಪಸ್ ಬರುತ್ತದೆ, ಒಬ್ಬರ ನಗು ಇನ್ನೊಬ್ಬರಿಗೆ ಅಂಟುತ್ತದೆ. ಬಯಲಲ್ಲಿ ಹಾಗಲ್ಲ. ನೂರಾರು ಜನ ನಕ್ಕರೂ ಸ್ಟೇಜ್ ಮೇಲೆ ನಿಂತವನಿಗೆ ಸೊರಸೊರ ಅಂತ ಕೇಳಿಸುತ್ತದೆ, ಅಷ್ಟೇ. ಹೊಸಬರು ಇಲ್ಲೇ ಹೆದರುವುದು. ನಗು ಬರಲಿಲ್ಲ ಅಂದುಕೊಂಡು ಸ್ಪೀಡ್ ಜಾಸ್ತಿ ಮಾಡುತ್ತಾರೆ. ಹಾರ್ನ್ ಸ್ಪೀಕರ್‌ನಲ್ಲಿ ಸ್ಪೀಡಾಗಿ ಮಾತಾಡಿದರೆ ಹಿಂದಿನವರಿಗೆ ಒಂದು ಪದವೂ ತಿಳಿಯುವುದಿಲ್ಲ. ದೂರದ ಕಂಬದ ಸ್ಪೀಕರ್‌ನ ಮಾತು ಹತ್ತಿರದ ಸ್ಪೀಕರ್‌ನ ಮಾತಿನ ಹಿಂದೆ ಬರುತ್ತದೆ. ನಿಧಾನ, ಸಣ್ಣ ವಾಕ್ಯ, ಪ್ರತಿ ಪಂಚ್, ಅಂದರೆ ನಗು ತರುವ ಮಾತು, ಆದಮೇಲೆ ಒಂದು ಉಸಿರು. ಕಿವಿಗೆ ಸಿಗದ ನಗು ಕಣ್ಣಿಗೆ ಸಿಗುತ್ತದೆ. ಭುಜ ಕುಲುಕಿದರೆ ನಕ್ಕರು ಅಂತ ಲೆಕ್ಕ.

ಮೈಕ್ ಬಗ್ಗೆ ಒಂದು ಮಾತು. ತಲೆಯ ಜಾಲರಿಯನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಸಿನಿಮಾದಲ್ಲಿ ರ್ಯಾಪ್ ಹಾಡುವವರು ಹಿಡಿಯುತ್ತಾರೆ, ನೀವು ಹಿಡಿದರೆ ಕುಂಯ್ ಅನ್ನುತ್ತದೆ. ಬಾಯಿಂದ ಎರಡು ಬೆರಳು ದೂರ ಇರಲಿ. ಸ್ಪೀಕರ್ ಎದುರು ಹೋಗಿ ನಿಲ್ಲಬೇಡಿ. ಸೌಂಡ್ ಹುಡುಗನ ಹೆಸರು ಕೇಳಿಕೊಂಡು, ಕಾರ್ಯಕ್ರಮಕ್ಕೆ ಮುಂಚೆ ಒಂದು ಟೀ ಕುಡಿಸಿ. ಅವತ್ತು ಆ ಊರಲ್ಲಿ ನಿಮ್ಮ ಮಾನ ಅವನ ಕೈಲಿರುತ್ತದೆ.

ಮೈದಾನದಲ್ಲಿ ನನ್ನ ಜೋಕು ನಾಲ್ಕು ವಾಕ್ಯಕ್ಕೆ ಮುಗಿಯುವುದಿಲ್ಲ. ಸೈಟ್‌ನವನನ್ನು ಮೊದಲು ಕಟ್ಟಬೇಕು. ಕಮಾನು ಹಾಕಿದ ಲೇಔಟ್, ಒಳಗೆ ಬರೀ ಕಲ್ಲು ಮತ್ತು ಬಾವುಟ, ಅವನ ಬಿಳಿ ಶರ್ಟು, "ಪಕ್ಕದಲ್ಲೇ ಏರ್‌ಪೋರ್ಟ್ ಬರುತ್ತೆ ಸಾರ್." ಮೂರು ನಿಮಿಷ ಅವನೇ. ಆಮೇಲೆ ಮಗಳು. ಊರಿಗೆ ತಕ್ಕ ಹಾಗೆ ಲೆಕ್ಕವೂ ಬದಲಾಗುತ್ತದೆ. ಶಿರಾದಲ್ಲಿ ಒಂದು ಗಂಟೆ ಅಂದರೆ ಜನ ಒಪ್ಪುವುದಿಲ್ಲ. "ಎರಡೇ ಗಂಟೆ" ಅನ್ನಬೇಕು. ಪಾವಗಡದಲ್ಲಿ ಕೊನೇ ಮಾತನ್ನು ತೆಲುಗಿನಲ್ಲಿ ಹೇಳುತ್ತೇನೆ: "ಚಾಲಾ ದೂರಂ ಕದಾ ನಾಯನಾ." ತುಂಬಾ ದೂರ ಅಲ್ವೇನಪ್ಪ ಅಂತ. ಅಲ್ಲಿ ಬರುವ ನಗು ಬೇರೆ ಎಲ್ಲೂ ಬರುವುದಿಲ್ಲ. ವ್ಯಾಪಾರ ಕನ್ನಡದಲ್ಲಿ, ಮನೆ ಮಾತು ತೆಲುಗಿನಲ್ಲಿ ಅನ್ನುವುದು ಆ ಕಡೆ ಎಲ್ಲರಿಗೂ ಗೊತ್ತು.

ಸನ್ಮಾನಕ್ಕೆ ಮಾನಸಿಕವಾಗಿ ತಯಾರಾಗಿ. ನೀವು ಪಂಚ್ ಹತ್ತಿರ ಬಂದಾಗಲೇ ಯಾರೋ ಹಾರ ಹಿಡಿದು ಸ್ಟೇಜ್ ಹತ್ತುತ್ತಾರೆ. ಜಗಳ ಆಡಬೇಡಿ. ಆ ಮನುಷ್ಯರನ್ನೇ ಜೋಕಿಗೆ ಸೇರಿಸಿಕೊಳ್ಳಿ, ಆದರೆ ಪ್ರೀತಿಯಿಂದ. ಅವರ ತಮ್ಮನೇ ಕಮಿಟಿ ಖಜಾಂಚಿ ಇರುತ್ತಾನೆ. ಇನ್ನೊಂದು ವಿಷಯ, ರಾತ್ರಿ ಹತ್ತಕ್ಕೆ ಬಯಲಿನ ಧ್ವನಿವರ್ಧಕ ನಿಲ್ಲಬೇಕು ಅನ್ನುವುದು ಕಾನೂನು. ಹಬ್ಬದ ಕೆಲವು ದಿನ ವಿನಾಯಿತಿ ಇರುತ್ತದೆ, ನಂಬಿಕೊಳ್ಳಬೇಡಿ. ನಿಮಗೆ ಮುಕ್ಕಾಲು ಗಂಟೆ ಅಂತ ಹೇಳಿರುತ್ತಾರೆ. ಭಾಷಣಗಳೆಲ್ಲ ಮುಗಿಯುವ ಹೊತ್ತಿಗೆ ಒಂಬತ್ತೂ ಮುಕ್ಕಾಲು. ಅದಕ್ಕೇ ಹದಿನೈದು ನಿಮಿಷದ್ದು, ಅರ್ಧ ಗಂಟೆಯದು, ಪೂರ್ತಿಯದು ಅಂತ ಮೂರು ಅಳತೆ ರೆಡಿ ಇರಬೇಕು. ಒಳ್ಳೆಯ ಜೋಕನ್ನು ಕೊನೆಗೆ ಇಟ್ಟುಕೊಂಡವನಿಗೆ ಕೊನೆಯೇ ಸಿಗುವುದಿಲ್ಲ.

ಕ್ಲಬ್

ಇಷ್ಟಾದ ಮೇಲೆ ಬೆಂಗಳೂರಿಗೆ ಹೋಗಿ. ರೂಮ್ ಮಾಡಲು ಅಲ್ಲ, ಹೋಗಿ ಬರಲು. ಬಸ್‌ನಲ್ಲಿ ಹೋದರೆ ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ಸ್ಟೇಜ್ ಮೇಲಿನ ನಿಮ್ಮ ಸರದಿ ಕಳೆದುಹೋಗುತ್ತದೆ. 2024ರ ನವೆಂಬರ್‌ನಿಂದ ಹಸಿರು ಮೆಟ್ರೋ ಮಾದಾವರದ ತನಕ ಬಂದಿದೆ. ನೆಲಮಂಗಲ ದಾಟಿದ ಮೇಲೆ ಅಲ್ಲಿ ಇಳಿದು ಮೆಟ್ರೋ ಹತ್ತಿ. ವಾಪಸ್ ಬರುವಾಗ ರಾತ್ರಿ ಮೆಜೆಸ್ಟಿಕ್‌ನಿಂದ ಚಿತ್ರದುರ್ಗ, ದಾವಣಗೆರೆ, ಶಿವಮೊಗ್ಗ ಬಸ್‌ಗಳು ಸಿಗುತ್ತವೆ. ಹತ್ತುವ ಮುಂಚೆ ಕಂಡಕ್ಟರ್‌ನ ಕೇಳಿ. ಕೆಲವು ಊರೊಳಗೆ ಬರುವುದಿಲ್ಲ, ಕ್ಯಾತ್ಸಂದ್ರದ ಹತ್ತಿರ ಇಳಿಸಿ ಹೋಗುತ್ತಾರೆ. ಹೆಣ್ಣುಮಕ್ಕಳು ಆಯೋಜಕರಿಗೆ ಮೊದಲೇ ಹೇಳಿ ಸರದಿ ಪಟ್ಟಿಯಲ್ಲಿ ಮೊದಮೊದಲ ಜಾಗ ಕೇಳಿಕೊಳ್ಳಿ. ಇದರಲ್ಲಿ ಸಂಕೋಚ ಬೇಡ. ಕೇಳಿದರೆ ಕೊಡುತ್ತಾರೆ.

ಓಪನ್ ಮೈಕ್ ಅಂದರೆ ನಾಲ್ಕೈದು ನಿಮಿಷ. ಮುಗಿಯಲು ಒಂದು ನಿಮಿಷ ಇದ್ದಾಗ ಹಿಂದಿನಿಂದ ಯಾರೋ ಮೊಬೈಲ್ ಟಾರ್ಚ್ ತೋರಿಸುತ್ತಾರೆ. ಆಮೇಲೂ ಮಾತಾಡುತ್ತಿದ್ದರೆ ಮುಂದಿನ ಸಲ ಕರೆಯುವುದಿಲ್ಲ. ನಮ್ಮ ಮೈದಾನದವರಿಗೆ ಇದೇ ಕಷ್ಟ. "ಎಲ್ಲರಿಗೂ ನಮಸ್ಕಾರ, ಈ ಸುಂದರ ಸಂಜೆ" ಅನ್ನುವುದರಲ್ಲೇ ಒಂದು ನಿಮಿಷ ಹೋಗಿರುತ್ತದೆ. ಕ್ಲಬ್‌ನಲ್ಲಿ ನಮಸ್ಕಾರದ ಹಿಂದೆಯೇ ಜೋಕ್ ಇರಬೇಕು. ಸೈಟ್ ಜೋಕು ಅಲ್ಲಿ ಬರೀ ನಾಲ್ಕು ವಾಕ್ಯ. ನಕ್ಕರೆ ಬಾಲ ಸೇರಿಸುತ್ತೇನೆ: "ಹೋಗ್ಲಿ, ಸೈಟೇ ಇರ್ಲಿ ಅಂದೆ. 'ಒಂದೇ ಗಂಟೆ ಸಾರ್.'" ನಗದಿದ್ದರೆ ಬಾಲ ಬೇಡ, ಮುಂದಕ್ಕೆ.

ಕನ್ನಡ ಶೋಗಳಿಗೆ ಬರುವವರು ಹುಬ್ಬಳ್ಳಿ, ಹಾಸನ, ನಮ್ಮ ತುಮಕೂರಿನಿಂದಲೇ ಹೋಗಿ ಕಂಪ್ಯೂಟರ್ ಕೆಲಸ ಮಾಡುವ ಹುಡುಗರು. ಅವರ ಎದುರು "ಬೆಂಗಳೂರಿನಲ್ಲಿ ಕನ್ನಡ ಗೊತ್ತಿಲ್ಲ ಅಂತಾರೆ" ಅಂದರೆ ಜೋರು ಚಪ್ಪಾಳೆ ಬೀಳುತ್ತದೆ. ಹುಷಾರಾಗಿರಿ, ಅದು ಚಪ್ಪಾಳೆ, ನಗು ಅಲ್ಲ. ನೋಟ್‌ಬುಕ್‌ನಲ್ಲಿ ಅದಕ್ಕೆ ಗೀಟು ಹಾಕಬೇಡಿ. ಮೈದಾನದಲ್ಲಿ ಜನ "ಅದೇ ಸೈಟ್‌ದು ಹೇಳಿ ಸಾರ್" ಅಂತ ಹಳೆಯದನ್ನೇ ಕೇಳುತ್ತಾರೆ. ಕ್ಲಬ್‌ನವರಿಗೆ ಹಳೆಯದು ಹೇಳಿದರೆ ಮುಖ ಗಂಟಾಗುತ್ತದೆ. ರೀಲ್ಸ್‌ಗೆ ಹಾಕುವ ಮುಂಚೆ ಇದನ್ನು ಯೋಚಿಸಿ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ದುಡ್ಡು ಬರಲು 1,000 ಸಬ್‌ಸ್ಕ್ರೈಬರ್ ಬೇಕು, ಒಂದು ವರ್ಷದಲ್ಲಿ 4,000 ಗಂಟೆ ಜನ ನೋಡಿರಬೇಕು. ಆ ದುಡ್ಡಿಗಾಗಿ ಕ್ಲಬ್‌ಗೆ ಇಟ್ಟ ಹೊಸ ಜೋಕನ್ನು ಸುಡಬೇಡಿ. ಮೈದಾನದ್ದನ್ನು ಹಾಕಿ, ಅದರಿಂದ ಮೈದಾನದ ಕರೆಗಳೇ ಜಾಸ್ತಿಯಾಗುತ್ತವೆ.

ಟಿವಿ

ಕಾಮಿಡಿ ರಿಯಾಲಿಟಿ ಶೋಗಳು ಬಂದ ಮೇಲೆ ಜಿಲ್ಲೆಯ ಕಲಾವಿದರಿಗೆ ಬಾಗಿಲು ತೆರೆದಿದ್ದು ನಿಜ. ಆಡಿಷನ್ ಸುದ್ದಿಯನ್ನು ಚಾನೆಲ್‌ನವರೇ ತಮ್ಮ ಪರದೆಯ ಮೇಲೆ, ತಮ್ಮ ಪೇಜ್‌ಗಳಲ್ಲಿ ಹಾಕುತ್ತಾರೆ. "ಐದು ಸಾವಿರ ಕೊಡಿ, ನೇರ ಸೆಲೆಕ್ಷನ್" ಅಂತ ಫೋನ್ ಮಾಡುವವನು ಕಳ್ಳ. ಚರ್ಚೆಯೇ ಬೇಡ, ಕಟ್ ಮಾಡಿ.

ಟಿವಿಯಲ್ಲಿ ಒಬ್ಬರೇ ನಿಂತು ಮಾತಾಡುವುದು ಕಮ್ಮಿ. ಅಲ್ಲಿ ಬೇಕಾಗಿರುವುದು ಸ್ಕಿಟ್. ನನ್ನ ನಾಲ್ಕು ವಾಕ್ಯಕ್ಕೆ ಒಬ್ಬ ಅಪ್ಪ, ಒಬ್ಬಳು ಮಗಳು, ಒಬ್ಬ ಬ್ರೋಕರ್, ಸೀರೆ ಉಟ್ಟ ಒಬ್ಬ ಗಂಡಸು, ಮಧ್ಯೆ ಮಧ್ಯೆ ಟೊಯ್ಯ್ ಅನ್ನುವ ಸದ್ದು. ಆ ಸದ್ದು ನನಗೆ ಇವತ್ತಿಗೂ ಸಹ್ಯವಾಗಿಲ್ಲ. ಆದರೆ ಟಿವಿಯ ಲೆಕ್ಕವೇ ಬೇರೆ. ಮನೆಯಲ್ಲಿ ನೋಡುವವರು ಅನ್ನಕ್ಕೆ ಸಾರು ಬಡಿಸುತ್ತಾ ನೋಡುತ್ತಾರೆ. ತಲೆ ಎತ್ತಿದಾಗ ಏನಾದರೂ ಕಾಣಬೇಕು. ಹಾಗಾಗಿ ಮಾತಿನ ಜೋಕನ್ನು ಮೈಗೆ ಇಳಿಸುವುದನ್ನು ಕಲಿಯಿರಿ. ಅಪ್ಪ ಸೈಟ್ ಮಾರುವಾಗ ಮುಂದಕ್ಕೆ ಬಗ್ಗುತ್ತಾನೆ. ಮಗಳ ಮಾತು ಬಂದ ಕೂಡಲೇ ಕುರ್ಚಿಗೆ ಒರಗುತ್ತಾನೆ. ಡೈಲಾಗ್ ಇಲ್ಲದೆಯೂ ಜೋಕ್ ತಿಳಿಯುತ್ತದೆ.

ಭಾಷೆಯದ್ದೊಂದು ತಮಾಷೆ ಇದೆ. ಮಂಡ್ಯದವರಿಗೆ ಮಂಡ್ಯ ಸ್ಲ್ಯಾಂಗ್ ಮಾಡಿ ಅನ್ನುತ್ತಾರೆ, ಧಾರವಾಡದವರಿಗೆ ಧಾರವಾಡದ್ದು. ತುಮಕೂರಿನವನು ಹೋದರೆ "ನಿಮ್ಮದು ಯಾವ ಥರ?" ಅಂತ ಕೇಳಿ ಸುಮ್ಮನಾಗುತ್ತಾರೆ. ಕೊನೆಗೆ ನಮ್ಮವರೂ ಮಂಡ್ಯದ ಮಾತಾಡಿ ಬರುತ್ತಾರೆ. ನೀವು ಹಾಗೆ ಮಾಡಬೇಡಿ. "ಬಂದವ್ನೆ", "ಕುಂತವ್ಳೆ" ಅನ್ನುವ ನಮ್ಮ ಮಾತಿಗೂ ಒಂದು ಲಯ ಇದೆ. ನೀವು ಆಡುತ್ತಾ ಹೋದರೆ ನಾಳೆ ಅವರೇ ಕೇಳುತ್ತಾರೆ.

ಶೂಟಿಂಗ್ ದಿನ ಪೂರ್ತಿ ಕಾಯುವುದೇ ಕೆಲಸ. ನಿಮ್ಮ ಎಂಟು ನಿಮಿಷ ಎಡಿಟ್‌ನಲ್ಲಿ ಮೂರಾಗಬಹುದು. ನೆಂಟರಿಗೆಲ್ಲ ಮುಂಚೆಯೇ ಫೋನ್ ಮಾಡಿ ಹೇಳಬೇಡಿ. ಅಗ್ರಿಮೆಂಟ್ ಬಂದಾಗ ಮಾತ್ರ ನಿದ್ದೆಗಣ್ಣಲ್ಲಿ ಸೈನ್ ಹಾಕಬೇಡಿ. ಎರಡು ಕಡೆ ನೋಡಿ. ಒಂದು, ಎಷ್ಟು ದಿನ ಬೇರೆ ಚಾನೆಲ್‌ಗೆ, ಬೇರೆ ಸ್ಟೇಜ್‌ಗೆ ಹೋಗಬಾರದು ಅಂತ ಇದೆ. ಎರಡು, ನೀವು ಬರೆದ ಜೋಕಿನ ಹಕ್ಕು ಯಾರದು. ನಿಮ್ಮದೇ ಜೋಕನ್ನು ಗೂಳೂರು ಗಣೇಶನ ಎದುರು ಹೇಳಲು ಇನ್ನೊಬ್ಬರ ಪರ್ಮಿಷನ್ ಕೇಳುವ ಹಾಗೆ ಆಗಬಾರದು, ಅಲ್ವಾ?

ರೇಡಿಯೋ

ಎಲ್ಲರೂ ಬಿಟ್ಟುಬಿಡುವ ಜಾಗ ಇದು. ಬರೆಯುವುದು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗಂತೂ ಸಿಗಲಿಲ್ಲ. ತುಮಕೂರಿನಲ್ಲೇ ರೇಡಿಯೋ ಸಿದ್ಧಾರ್ಥ 90.8 ಇದೆ. ಸಮುದಾಯ ರೇಡಿಯೋ. ಊರು ಮತ್ತು ಸುತ್ತಮುತ್ತ ಮಾತ್ರ ಕೇಳಿಸುತ್ತದೆ. ಕಲಿಯುವವನಿಗೆ ಅಷ್ಟು ಸಾಕು, ತಪ್ಪಿದರೆ ಬೆಂಗಳೂರಿಗೆ ಕೇಳಿಸುವುದಿಲ್ಲ. ಆಕಾಶವಾಣಿ ಬೆಂಗಳೂರಿನಲ್ಲಿ ಯುವಕರಿಗೆ ಯುವವಾಣಿ ಇದೆ. ನಾಟಕ ವಿಭಾಗಕ್ಕೆ ಧ್ವನಿ ಪರೀಕ್ಷೆ ಇರುತ್ತದೆ, ಪಾಸಾದರೆ ಬಿ ಗ್ರೇಡ್‌ನಿಂದ ಶುರು. ಸ್ಕ್ರಿಪ್ಟ್ ಮುಂಚೆಯೇ ಕೊಡಬೇಕು. ಯಾರ ಹೆಸರನ್ನೂ ಹಿಡಿದು ಬೈಯುವ ಹಾಗಿಲ್ಲ. ಧರ್ಮದ ಬಗ್ಗೆ ಕೊಂಕು ಆಡುವ ಹಾಗಿಲ್ಲ. ಕಂಪನಿ ಹೆಸರು ಬಂದರೆ ಹೊಡೆದು ಹಾಕುತ್ತಾರೆ. ಮೊದಲು ಕೈ ಕಟ್ಟಿದ ಹಾಗೆ ಅನ್ನಿಸುತ್ತದೆ. ಆಮೇಲೆ ಗೊತ್ತಾಗುತ್ತದೆ, ನಾವು ಹೆಸರು ಹೇಳಿ ಸುಲಭವಾಗಿ ನಗಿಸುತ್ತಿದ್ದೆವು ಅಂತ.

ಸೈಟ್ ಜೋಕು ರೇಡಿಯೋದಲ್ಲಿ ಮೊದಲು ಓಡಲೇ ಇಲ್ಲ. ಸ್ಟೇಜ್ ಮೇಲೆ ನಾನು ಒಂದೇ ಕಡೆ ತಿರುಗಿ ಎರಡೂ ಮಾತು ಹೇಳುತ್ತೇನೆ. ಅದೇ ಮನುಷ್ಯ ಅಂತ ಜನಕ್ಕೆ ಕಾಣುತ್ತದೆ. ರೇಡಿಯೋದಲ್ಲಿ ಏನು ಕಾಣುತ್ತದೆ? ಅದಕ್ಕೆ ಸೈಟ್‌ನವನಿಗೆ ಒಂದು ಕೆಮ್ಮು ಕೊಟ್ಟೆ. ಮಾತಿಗೆ ಮುಂಚೆ ಗಂಟಲು ಕೆರೆದುಕೊಳ್ಳುತ್ತಾನೆ. ಮಗಳನ್ನು ಕೇಳಿದಾಗ ಮೊದಲು ಆ ಕೆಮ್ಮು ಬರುತ್ತದೆ, ಮಾತು ಆಮೇಲೆ. ಕೇಳುವವನು ಕೆಮ್ಮಿಗೇ ನಗುತ್ತಾನೆ. ಈಗ ಸ್ಟೇಜ್ ಮೇಲೂ ಆ ಕೆಮ್ಮು ಇಟ್ಟುಕೊಂಡಿದ್ದೇನೆ.

ಬೆಂಗಳೂರಿನ ಎಫ್‌ಎಂಗಳಲ್ಲಿ ಆರ್‌ಜೆ ಆಗುವುದು ಸಂಬಳದ ಕೆಲಸ. ಎರಡು ಹಾಡಿನ ಮಧ್ಯೆ ಒಂದು ನಿಮಿಷ ಸಿಗುತ್ತದೆ, ದಿನಾ ಹೊಸದು ಬೇಕು. ಅರ್ಜಿಗೆ ಎರಡು ನಿಮಿಷದ ದನಿ ರೆಕಾರ್ಡ್ ಸಾಕು. ಆರ್ಕೆಸ್ಟ್ರಾ ನಿರೂಪಕರಿಗೆ ಇದು ನೀರು ಕುಡಿದಷ್ಟು ಸುಲಭ.

ಹೇಳಬಾರದ್ದು

ಜಾತಿ ಹೆಸರು, ಮೈಬಣ್ಣ, ಅಂಗವಿಕಲತೆ, ಇವು ಜೋಕಲ್ಲ. ಕೆಲವಕ್ಕೆ ನೇರವಾಗಿ ಕೇಸ್ ಬೀಳುತ್ತದೆ. ಬೇಕಂತಲೇ ಧಾರ್ಮಿಕ ಭಾವನೆ ಕೆಣಕುವುದಕ್ಕೆ ಹಿಂದೆ ಇದ್ದ 295ಎ ಸೆಕ್ಷನ್ ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 299 ಆಗಿದೆ. ಹೆಂಡತಿ ಜೋಕ್ ಹೇಳಿದರೆ ಯಾರೂ ಕೇಸ್ ಹಾಕುವುದಿಲ್ಲ, ಆದರೆ ಎದುರಿಗೆ ಕೂತ ಅರ್ಧ ಜನ ಹೆಂಡತಿಯರೇ. ಅವರು ಅದನ್ನು ಸಾಕಷ್ಟು ಕೇಳಿದ್ದಾರೆ.

ದುಡ್ಡು

ಇರುವ ಕೆಲಸ ಬಿಡಬೇಡಿ. ಗಣೇಶನ ಹಬ್ಬದಿಂದ ನವೆಂಬರ್ ಮುಗಿಯುವ ತನಕ ಸುಗ್ಗಿ. ಆಮೇಲೆ ಕಾಲೇಜುಗಳು, ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆ ಮತ್ತು ಸುತ್ತಲಿನ ಜಾತ್ರೆಗಳು. ಪರೀಕ್ಷೆ ತಿಂಗಳು, ಆಷಾಢ ಬಂದರೆ ಫೋನ್ ಸುಮ್ನೆ ಮಲಗಿರುತ್ತದೆ. ಪ್ಯಾನ್ ಕಾರ್ಡ್ ಇಟ್ಟುಕೊಳ್ಳಿ. ಚಾನೆಲ್‌ನವರು, ಕಂಪನಿಯವರು ಕೊಡುವಾಗ 10% ಟಿಡಿಎಸ್ ಹಿಡಿಯುತ್ತಾರೆ. ನಿಮಗೆ ಅಷ್ಟು ತೆರಿಗೆ ಬೀಳದಿದ್ದರೆ ರಿಟರ್ನ್ ಫೈಲ್ ಮಾಡಿ ವಾಪಸ್ ಪಡೆಯಬಹುದು. ನಮ್ಮ ಕಲಾವಿದರು ಎಷ್ಟೋ ಜನ ಫೈಲ್ ಮಾಡದೆ ಅದನ್ನು ಸರ್ಕಾರಕ್ಕೇ ಬಿಟ್ಟಿದ್ದಾರೆ.

ಕಮಿಟಿಗಳಿಂದ ಅರ್ಧ ಅಡ್ವಾನ್ಸ್ ತಗೊಳ್ಳಿ, ಉಳಿದದ್ದು ಸ್ಟೇಜ್ ಹತ್ತುವ ಮುಂಚೆ. ಒಂದು ಊರಿನಲ್ಲಿ ನನಗೆ ಶಾಲು, ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಎಲ್ಲ ಕೊಟ್ಟರು. ದುಡ್ಡು "ನಾಳೆ ಗೂಗಲ್ ಪೇ ಮಾಡ್ತೀವಿ" ಅಂದರು. ಶಾಲು ಇನ್ನೂ ಇದೆ.

ಫೋನ್ ಬಂದಾಗ ದರ ಹೇಳುವ ಮುಂಚೆ ಇಷ್ಟು ಕೇಳಿ. ಬಯಲೋ ಹಾಲೋ? ನನಗಿಂತ ಮುಂಚೆ ಯಾರು? ಮಕ್ಕಳ ಡ್ಯಾನ್ಸ್ ಇದ್ದರೆ ಅದು ಮುಗಿದ ಕೂಡಲೇ ಅಪ್ಪ ಅಮ್ಮಂದಿರು ಮಕ್ಕಳನ್ನು ಕರಕೊಂಡು ಮನೆಗೆ ಹೊರಡುತ್ತಾರೆ, ಹಾಗಾಗಿ ಡ್ಯಾನ್ಸ್‌ನ ಮಧ್ಯೆ ಜಾಗ ಕೇಳಿ. ವಾಪಸ್ ಬರಲು ಗಾಡಿ ಕೊಡುತ್ತೀರಾ? ಕೊನೆಯದಾಗಿ, ಊಟ ಯಾವಾಗ? ಕಾರ್ಯಕ್ರಮ ಮುಗಿದ ಮೇಲೆ ಅಂದರೆ ಒಪ್ಪಿಕೊಳ್ಳಿ. "ಒಂದು ಕಡೆ ಪ್ರೋಗ್ರಾಂ, ಒಂದು ಕಡೆ ಊಟ ನಡೀತಿರುತ್ತೆ ಸಾರ್" ಅಂದರೆ ದರ ಡಬಲ್ ಹೇಳಿ. ಬಿಸಿ ಮುದ್ದೆ ಎದುರು ನಿಲ್ಲುವ ಜೋಕು ಇನ್ನೂ ಯಾರೂ ಬರೆದಿಲ್ಲ.